ಸಾವಂತ್ರೆವ್ವನ ಮಧ್ಯಾಹ್ನದ ಸೈಕಲ್

ಕರ್ನಾಟಕ ಒಂದಾದ ವರ್ಷ ಗದುಗಿನ ಬೀದಿಯಲ್ಲಿ ಏನೇನೋ ಬದಲಾಯಿತು. ಮುಂಬಯಿಯಿಂದ ಬರುತ್ತಿದ್ದ ಹುಕುಮು ಬೆಂಗಳೂರಿನಿಂದ ಬರತೊಡಗಿತು, ಕಚೇರಿಗಳ ಬೋರ್ಡು ಬದಲಾದವು. ಬದಲಾಗದೆ ಉಳಿದದ್ದು ಸಾವಂತ್ರೆವ್ವನ ಸೈಕಲ್. ಹತ್ತಿ ಸುಗ್ಗಿಯಲ್ಲಿ ಮಧ್ಯಾಹ್ನ ಗಿರಣಿಯ ಭೋಂಗಾ ಕೂಗಿತೆಂದರೆ ಸಾಕು, ಕಚ್ಚೆ ಬಿಗಿದು ಗಂಡಸರ ಸೈಕಲ್ ಏರಿದ ಪಕ್ಕದ ಹಳ್ಳಿ ಕಳಸಾಪುರದ ಈ ಹೆಣ್ಣುಮಗಳು ಸ್ಟೇಶನ್ ರಸ್ತೆಯಲ್ಲಿ ಭರ್ರೆಂದು ಹೋಗುವಳು, ಜನ ತಾವಾಗಿಯೇ ದಾರಿ ಬಿಡುವರು. ಆಗ ಹಾಲು ಕುಡಿಯುತ್ತಿದ್ದದ್ದು ಅವಳ ಎರಡನೆಯ ಕೂಸು. ಈ ಮರ್ಯಾದೆ ಪುಕ್ಕಟೆ ಸಿಕ್ಕದ್ದಲ್ಲ ನೋಡಿ. ಮೊದಲ ಕೂಸಿನ ಕಾಲದಲ್ಲಿ ಅವಳು ಪಟ್ಟ ಪಾಡು ಅವಳಿಗೇ ಗೊತ್ತು.

ಹತ್ತಿಯಿಂದ ಬೀಜ ಬೇರೆ ಮಾಡುವ ಗಿರಣಿಯಲ್ಲಿ ಯಂತ್ರದ ಬಾಯಿಗೆ ಹತ್ತಿ ಕೊಡುವುದು ಅವಳ ಕೆಲಸ. ಆ ಕೆಲಸ ಇರುವುದು ಸುಗ್ಗಿಯ ಕೆಲವೇ ತಿಂಗಳು. ಒಮ್ಮೆ ಜಾಗ ಬಿಟ್ಟರೆ ಇನ್ನೊಬ್ಬಳು ಬಂದು ನಿಂತಳೆಂದೇ ತಿಳಿಯಿರಿ, ಮರುವರ್ಷ ಗೇಟಿನೊಳಗೆ ಬಿಡುವವರಿಲ್ಲ. ಗಂಡ ಹುಲಗಪ್ಪ ಪೇಟೆಯ ಸಾಹುಕಾರನೊಬ್ಬನ ಬಂಡಿ ಹೊಡೆಯುತ್ತಿದ್ದ. ಹತ್ತಿ ತರಲು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಂದು ಹೊರಟರೆ ನಾಲ್ಕಾರು ದಿನ ಮನೆಯ ಮುಖ ನೋಡುತ್ತಿರಲಿಲ್ಲ. ಮನೆಯಲ್ಲಿ ಉಳಿಯುವವಳು ಅತ್ತೆ ಗದಿಗೆವ್ವ, ಅವಳ ಮಡಿಲಲ್ಲಿ ಸಾವಂತ್ರೆವ್ವನ ಹಾಲುಗೂಸು.

ಕೂಸೋ, ಬಲು ಹಟಮಾರಿ. ಆಕಳ ಹಾಲು ಹಿಂಡಿ, ಕಾಸಿ, ಆರಿಸಿ, ಒಳಲೆಯಲ್ಲಿ ಹಾಕಿ ಬಾಯಿಗಿಟ್ಟರೆ ತುಟಿ ಬಿಚ್ಚುತ್ತಿರಲಿಲ್ಲ. ಅತ್ತು ಅತ್ತು ದನಿ ಬಿದ್ದು ಹೋಗುತ್ತಿತ್ತು. ಅತ್ತ ಗಿರಣಿಯಲ್ಲಿ ಮಧ್ಯಾಹ್ನದ ಭೋಂಗಾ ಕೂಗುವುದೇ ತಡ, ತಾಯಿಯ ಕುಪ್ಪಸ ಒದ್ದೆಯಾಗುತ್ತಿತ್ತು. ಉಳಿದವರು ಬುತ್ತಿ ಬಿಚ್ಚಿ ರೊಟ್ಟಿ ಮುರಿಯುವಾಗ ಇವಳು ಗೋಡೆಗೆ ಮುಖ ಮಾಡಿ ಹಾಲು ಹಿಂಡಿ ನೆಲಕ್ಕೆ ಚೆಲ್ಲುವಳು. ಅಲ್ಲಿ ಮಗಳಿಗೆ ಹಸಿವೆ, ಇಲ್ಲಿ ಹಾಲು ಮಣ್ಣುಪಾಲು. ಹೊಟ್ಟೆ ಉರಿಯದೆ ಏನಾದೀತು? ಬಿಡುವಿನಲ್ಲಿ ಕಳಸಾಪುರಕ್ಕೆ ನಡೆದು ಹೋಗಿ ಮರಳುವುದು ಆಗುವ ಮಾತಲ್ಲ.

ಗದಿಗೆವ್ವನ ಹತ್ತಿರ ಇದಕ್ಕೊಂದು ಮದ್ದಿತ್ತು, ಅಫೀಮು. ಕೆಲಸಕ್ಕೆ ಹೋಗುವ ಎಷ್ಟೋ ತಾಯಂದಿರು ಕೂಸಿಗೆ ಅದನ್ನು ನೆಕ್ಕಿಸಿ ಮಲಗಿಸಿ ಹೋಗುವ ರೂಢಿ ಆಗಿನದು. ಸರಕಾರ ಅದನ್ನು ಬಂದ್ ಮಾಡಿದ್ದರೂ ಹಳೆಯ ಮುದುಕಿಯರ ಗಂಟಿನಲ್ಲಿ ಒಂದು ಚೂರು ಇದ್ದೇ ಇರುತ್ತಿತ್ತು.

"ಸಾಸಿವಿ ಕಾಳಿನಷ್ಟು ಬೆರಳಿಗೆ ಹಚ್ಚಿ ನೆಕ್ಕಿಸಿದ್ರ ಸಂಜೀತನಕ ಗಪ್ಪನ ಮಲಗತೈತಿ" ಎಂದಳು ಗದಿಗೆವ್ವ. "ಹುಲಗಪ್ಪನ್ನೂ ಹಂಗ ಬೆಳಸೇನಿ. ಅವಗೇನಾಗೇತಿ?"

ಹುಲಗಪ್ಪ ಹಗಲಲ್ಲೇ ಬಂಡಿಯ ಮೇಲೆ ತೂಕಡಿಸುವುದನ್ನು ಕಂಡಿದ್ದ ಸಾವಂತ್ರೆವ್ವನಿಗೆ ನಾಲಿಗೆಯ ತುದಿಗೆ ಬಂದ ಮಾತು ಬೇರೆಯೇ ಇತ್ತು. ನುಂಗಿಕೊಂಡಳು. ಓಣಿಯಲ್ಲಿ ಹಾಗೆ ಮಲಗಿಸಿದ ಒಂದು ಕೂಸು ಮತ್ತೆ ಏಳದೇ ಹೋದದ್ದೂ ಅವಳಿಗೆ ಗೊತ್ತಿತ್ತು. ಅತ್ತೆಯ ಎದುರು ಮೊದಲ ಸಲ ನೆಟ್ಟಗೆ ನಿಂತು, "ಅದನ್ನ ಮಾತ್ರ ಕೊಡಬ್ಯಾಡ್ರಿ ಅತ್ತಿ. ಮಧ್ಯಾಹ್ನಕ್ಕ ನಾನ ಬರತೇನಿ" ಎಂದಳು.

ಹೇಗೆ ಬರುತ್ತಾಳೆ ಎಂಬುದಕ್ಕೆ ಉತ್ತರ ಪಡಸಾಲೆಯಲ್ಲೇ ನಿಂತಿತ್ತು. ಹುಲಗಪ್ಪ ಯಾರದೋ ಹಳೆಯ ಸೈಕಲ್ ಕೊಂಡು ತಂದಿದ್ದ. ಎಣ್ಣೆ ಹಾಕಿ ಒರೆಸಿ ಇಡುತ್ತಿದ್ದನೇ ಹೊರತು ಏರುತ್ತಿದ್ದದ್ದು ಸಂತೆಯ ದಿನ ಮಾತ್ರ. ಹೆಂಡತಿ ಅದರ ಮೇಲೆ ಕೈಯಿಟ್ಟಾಗ ಅವನು ಹೆದರಿದ್ದು ಹೆಂಡತಿಗಾಗಿ ಅಲ್ಲ, ಸೈಕಲಿಗಾಗಿ. ಆದರೂ ಒಳ್ಳೆಯ ಮನುಷ್ಯ, ಒಪ್ಪಿದ. ರಾಶಿ ಮುಗಿದು ಖಾಲಿ ಬಿದ್ದ ಕಣದಲ್ಲಿ ಅವಳಿಗೆ ಕಲಿಸಿದ.

ಕಣದಲ್ಲಿ ಕಲಿತದ್ದರಿಂದ ಒಂದು ಎಡವಟ್ಟಾಯಿತು. ತುಳಿಸುವ ಎತ್ತುಗಳು ನಡುವಿನ ಮೇಟಿ ಕಂಬವನ್ನು ಸುತ್ತುವ ಹಾಗೆ ಇವಳೂ ಅದೇ ಕಂಬವನ್ನು ಎಡಗೈ ಕಡೆ ಇಟ್ಟುಕೊಂಡು ಸುತ್ತಿದ್ದೇ ಸುತ್ತಿದ್ದು. ಎಡಕ್ಕೆ ತಿರುಗೆಂದರೆ ಕಣ್ಣುಮುಚ್ಚಿ ತಿರುಗುವಳು. ಬಲಕ್ಕೆ ತಿರುಗಬೇಕಾದರೆ ಜೀವ ಬಾಯಿಗೆ ಬರುತ್ತಿತ್ತು. ಮೇಲಾಗಿ ಗಂಡಸರ ಎತ್ತರದ ಸೈಕಲ್, ಇವಳು ಗಿಡ್ಡಿ. ಹತ್ತಲು ಒಂದು ಕಟ್ಟೆ ಬೇಕು, ಇಳಿಯಲೂ ಒಂದು ಕಟ್ಟೆ ಬೇಕು. ಗಿರಣಿಯ ನೀರಿನ ತೊಟ್ಟಿಯ ಬಳಿ ಏರಿದರೆ ಊರಂಚಿನಲ್ಲಿ ಸುಂಕ ಎತ್ತುವ ಜಕಾತಿ ನಾಕಾದಲ್ಲಿ ಒಂದು ಕಟ್ಟೆ, ಆಮೇಲೆ ಇಳಿಯುವುದು ತನ್ನ ಮನೆಯ ಜಗುಲಿಗೇ. ನಡುವೆ ಬ್ರಹ್ಮ ಬಂದು ಕರೆದರೂ ನಿಲ್ಲಲು ಬರುತ್ತಿರಲಿಲ್ಲ.

ಇನ್ನು ಗಂಟೆಯ ಕಥೆ. ಹುಲಗಪ್ಪ ಬಂಡಿ ಹೊಡೆಯುವವ, ಎತ್ತಿನ ಸ್ವಭಾವ ಬಲ್ಲವ. ಬಂಡಿದಾರಿಯಲ್ಲಿ ಹಿಂದಿನಿಂದ ಗಂಟೆ ಬಾರಿಸಿದರೆ ಎತ್ತು ಬೆದರುತ್ತವೆ, ಬಾಯಿಂದ ಮಾತಾಡುತ್ತ ಬಂದರೆ ಮನುಷ್ಯರೆಂದು ಸುಮ್ಮನಿರುತ್ತವೆ ಎಂದು ಹೇಳಿಕೊಟ್ಟಿದ್ದ. ಆ ಸೈಕಲಿನ ಗಂಟೆಯೋ ಸಡಿಲ, ತಗ್ಗು ದಿನ್ನೆಗೆ ತಾನೇ ಬಡಿದುಕೊಳ್ಳುತ್ತಿತ್ತು. ಆದ್ದರಿಂದ ಸಾವಂತ್ರೆವ್ವ ನಾಕಾದ ಕಟ್ಟೆಗೆ ಕಾಲು ಕೊಟ್ಟು ಗಂಟೆ ಬಿಚ್ಚಿ ಉಡಿಯಲ್ಲಿ ಕಟ್ಟಿಕೊಳ್ಳುವಳು. ಮರಳಿ ಬರುವಾಗ ಅಲ್ಲೇ ಹಾಕುವಳು, ಯಾಕೆಂದರೆ ಪೇಟೆಯಲ್ಲಿ ಗಂಟೆ ಇಲ್ಲದ ಸೈಕಲನ್ನು ಪೊಲೀಸರು ಹಿಡಿಯುತ್ತಿದ್ದರು. ಹಾದಿಯುದ್ದಕ್ಕೂ ಹತ್ತಿಯ ಬಂಡಿಗಳ ಹಿಂದೆ ಅವಳು ಮಾತಾಡಿಕೊಂಡೇ ಹೋಗುವಳು. ಬಿಸಿಲು, ಧೂಳು, ಅತ್ತೆ, ಗಿರಣಿಯ ಮುಕಾದಮ, ಯಾರನ್ನೂ ಬಿಡುತ್ತಿರಲಿಲ್ಲ. ಮೊದಲು ನಕ್ಕ ಬಂಡಿಯವರು ಆಮೇಲಾಮೇಲೆ ದನಿ ಕೇಳಿಯೇ ಎತ್ತುಗಳನ್ನು ಬದಿಗೆ ಸರಿಸತೊಡಗಿದರು. ಊರ ಕಟ್ಟೆಯ ಮೇಲೆ ಕೂತವರು ಮಾತ್ರ ಆಡಿಕೊಳ್ಳುವುದನ್ನು ಬಿಡಲಿಲ್ಲ. ಗದಿಗೆವ್ವನೂ ಆಗಾಗ ಅವರ ಮಾತಿಗೆ ಹೂಂ ಅನ್ನುವಳು. ಒಂದು ದಿನ ಸೊಸೆ ಬರುವುದು ತಡವಾದರೆ ಅಂದೇ ಅಫೀಮು ಕೊಡುವೆನೆಂದು ಮುಖಕ್ಕೆ ಹೊಡೆದಂತೆ ಹೇಳಿಯೂ ಬಿಟ್ಟಿದ್ದಳು.

ಆ ದಿನ ಬಂತು. ಬೆಳಿಗ್ಗೆ ಅವಸರದಲ್ಲಿ ಗಂಟೆ ಹಾಕುವುದು ಮರೆತಿತ್ತು. ಮಧ್ಯಾಹ್ನ ಸ್ಟೇಶನ್ ರಸ್ತೆ ಕೂಡುವಲ್ಲಿ, ನೀಲಿ ಚಡ್ಡಿ ಹಳದಿ ಟೊಪ್ಪಿಗೆಯ ಪೊಲೀಸ ಅಬ್ದುಲಗನಿ ಕೈ ಅಡ್ಡ ಹಿಡಿದು ನಿಲ್ಲೆಂದ. ನಿಲ್ಲುವುದೆಲ್ಲಿ? ಸುತ್ತ ಒಂದೇ ಒಂದು ಕಟ್ಟೆ ಇಲ್ಲ. ಸಾವಂತ್ರೆವ್ವ ಅವನನ್ನೇ ಮೇಟಿ ಮಾಡಿಕೊಂಡು ಎಡಕ್ಕೆ ಒಂದು ಸುತ್ತು ಹೊಡೆದಳು, ಇನ್ನೊಂದು ಸುತ್ತು ಹೊಡೆದಳು. ಉಡಿಯಲ್ಲಿ ಗಂಟೆ ಟಿಣಿಟಿಣಿ ಎನ್ನುತ್ತಿತ್ತು. ಅವನು ನಿಂತಲ್ಲೇ ತಿರುಗಿ ತಿರುಗಿ ಗಂಟೆ ಎಲ್ಲಿ ಎಂದು ಗದರಿಸಿದ. ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇಳ್ಯಾಕ ಬರಂಗಿಲ್ರಿ ನನಗ" ಎಂದಳು ಅವಳು. "ಕೂಸಿಗೆ ಹಾಲು ಕುಡಿಸಾಕ ಹೊಂಟೇನ್ರಿ. ದಂಡ ಹಾಕೂದಿದ್ರ ಕಳಸಾಪುರಕ್ಕ ಬರ್ರಿ."

ಹೀಗೆಂದವಳೇ ನೆಟ್ಟಗೆ ಸೈಕಲ್ ಬಿಟ್ಟಳು. ಪೇಟೆಯ ಮಂದಿ ನಕ್ಕ ಮೇಲೆ ಪೊಲೀಸ ಸುಮ್ಮನಿರುತ್ತಾನೆಯೇ? ತನ್ನ ಸೈಕಲ್ ಹತ್ತಿ ಬೆನ್ನು ಹತ್ತಿದ. ನಾಕಾ ದಾಟಿ ಬಂಡಿದಾರಿಗೆ ಬಿದ್ದದ್ದೇ ಅವನು ದಾರಿ ಬಿಡಿರೆಂದು ಗಂಟೆ ಬಾರಿಸತೊಡಗಿದ. ಎತ್ತು ಬೆದರಿದವು. ಹತ್ತಿಯ ಬಂಡಿಯೊಂದು ಹೊಲಕ್ಕೆ ನುಗ್ಗಿತು, ಅದನ್ನು ತಪ್ಪಿಸಲು ಹೋಗಿ ಪೊಲೀಸ ಎರೆಮಣ್ಣಿನ ಹೆಂಟೆಗಳ ಮೇಲೆ ಬಿದ್ದ. ಸಾವಂತ್ರೆವ್ವ ಹಿಂದಿರುಗಿ ನೋಡಲಿಲ್ಲ. ಅವಳ ಜೀವವೆಲ್ಲ ಮನೆಯಲ್ಲಿತ್ತು. ಹೊತ್ತು ಮೀರಿದೆ, ಅತ್ತೆ ಹೇಳಿದ್ದನ್ನು ಮಾಡುವವಳೇ ಎಂದು ಇನ್ನೂ ಜೋರಾಗಿ ತುಳಿದಳು.

ಮನೆ ಹತ್ತಿರವಾದರೂ ಅಳು ಕೇಳಲಿಲ್ಲ. ಓಣಿಯ ತುದಿಗೇ ಕೇಳಬೇಕಾದ ಅಳು ಬಾಗಿಲಿಗೆ ಬಂದರೂ ಇಲ್ಲ. ಜಗುಲಿಗೆ ಸೈಕಲ್ ಒತ್ತುವಷ್ಟೂ ತಡೆಯದೆ ಹಾರಿದಳು, ಮೊಣಕಾಲು ಕಿತ್ತಿತು, ಹಾಗೆಯೇ ಒಳಗೆ ಓಡಿದಳು.

ಗದಿಗೆವ್ವ ಒಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ಸೆರಗಿನ ಮರೆಯಲ್ಲಿ ಕೂಸು.

"ಏನ್ ಕೊಟ್ರಿ ಅತ್ತಿ?"

ಗದಿಗೆವ್ವ ಬಲ ಅಂಗೈ ಬಿಚ್ಚಿ ತೋರಿಸಿದಳು. ಕಪ್ಪು ಚೂರು ಅಲ್ಲೇ ಇತ್ತು, ಬೆವರಿಗೆ ಕರಗಿ ಗೆರೆಗಳಿಗೆಲ್ಲ ಮೆತ್ತಿತ್ತು. ಎಡಗೈಯಿಂದ ಸೆರಗು ಸರಿಸಿದಳು. ಬತ್ತಿ ಜೋತುಬಿದ್ದ ತನ್ನ ಮೊಲೆಯನ್ನು ಕೂಸಿನ ಬಾಯಿಗೆ ಕೊಟ್ಟಿದ್ದಳು. ಅದು ಬಿಕ್ಕುತ್ತ ಬಿಕ್ಕುತ್ತ ಚೀಪುತ್ತಿತ್ತು.

"ಬೆರಳು ತುಟಿತನಕ ಒಯ್ದೆ ಬೇ" ಎಂದಳು ಮುದುಕಿ. "ಆಮ್ಯಾಲ ಕೈ ಬರಲಿಲ್ಲ. ನೀ ಬಂದ ಬರತಿ ಅನಸ್ತು."

ಸಾವಂತ್ರೆವ್ವ ಕೂಸನ್ನು ಎತ್ತಿಕೊಂಡು ಎದೆಗೆ ಹಚ್ಚಿದಳು. ಹಾಲು ಇಳಿಯಿತು, ಕೂಸು ಗುಟುಕು ಗುಟುಕು ಕುಡಿಯಿತು. ತಾಯಿಗೆ ಅಳು ತಡೆಯಲಾಗಲಿಲ್ಲ, ಅತ್ತೆಯ ಹೆಗಲಿಗೆ ಹಣೆಯಿಟ್ಟು ಅತ್ತಳು. ಅಷ್ಟರಲ್ಲಿ ಹೊರಗೆ ಗಂಡಸಿನ ದನಿ. ಅಬ್ದುಲಗನಿ ಮೈಯೆಲ್ಲ ಮಣ್ಣಾಗಿ ಬಾಗಿಲಲ್ಲಿ ನಿಂತಿದ್ದ. ಗದಿಗೆವ್ವನ ಬುದ್ಧಿ ಚುರುಕು. ಅಂಗೈಯ ಮಾಲನ್ನು ಒಲೆಯ ಕೆಂಡಕ್ಕೆ ಕೊಡವಿ, ಗಂಟಿನಲ್ಲಿ ಉಳಿದದ್ದನ್ನೂ ಅಲ್ಲೇ ಸುರಿದು, ಕೈ ತೊಳೆದು, ತಂಬಿಗೆ ನೀರು ಹಿಡಿದು ಹೊರಗೆ ಹೋದಳು.

ಪೊಲೀಸ ನೀರು ಕುಡಿದ. ಒಳಗಿನಿಂದ ಕೂಸು ಹಾಲು ಕುಡಿಯುವ ಸಪ್ಪಳ ಕೇಳುತ್ತಿತ್ತು, ಅವನು ಮುಖ ಆಚೆ ತಿರುಗಿಸಿ ಕೂತ. ತರಚಿದ ಮೊಣಕೈ ಉಜ್ಜಿಕೊಳ್ಳುತ್ತ, ಬಂಡಿದಾರಿಯಲ್ಲಿ ಏನಾದರೂ ಮಾಡಲಿ, ಪೇಟೆಯಲ್ಲಿ ಮಾತ್ರ ಗಂಟೆ ಇರಲೇಬೇಕೆಂದು ಬಾಗಿಲಿಗೆ ಹೇಳಿದ. ದಂಡದ ಮಾತು ಎತ್ತಲಿಲ್ಲ. ಗದಿಗೆವ್ವ ಅವನನ್ನು ಸುಮ್ಮನೆ ಬಿಡುವವಳಲ್ಲ. ಮಧ್ಯಾಹ್ನದ ಹೊತ್ತು ತನ್ನ ಸೊಸೆಯನ್ನು ಇನ್ನೊಮ್ಮೆ ತಡೆದರೆ ಕೂಸನ್ನು ತಂದು ಚೌಕಿಯಲ್ಲೇ ಮಲಗಿಸಿ ಹೋಗುವುದಾಗಿ ಹೇಳಿದಳು. ಅವನು ನಕ್ಕು ಸೈಕಲ್ ತಳ್ಳಿಕೊಂಡು ಹೊರಟ.

ಎರಡನೆಯ ಭೋಂಗಾದೊಳಗೆ ಗಿರಣಿ ಸೇರಬೇಕಿತ್ತು. ಸಾವಂತ್ರೆವ್ವ ಕೂಸನ್ನು ತೊಟ್ಟಿಲಿಗೆ ಹಾಕಿ, ಕಚ್ಚೆ ಬಿಗಿದು ಜಗುಲಿಯಿಂದ ಸೈಕಲ್ ಏರಿದಳು. ಅಂದಿನವರೆಗೆ ಅದನ್ನು ಮುಟ್ಟದಿದ್ದ ಗದಿಗೆವ್ವ ಬಂದು ಹಿಂದಿನ ಕ್ಯಾರಿಯರ್ ಗಟ್ಟಿಯಾಗಿ ಹಿಡಿದಳು. ಕಟ್ಟೆಯ ಮೇಲಿನವರು ನೋಡುತ್ತಿದ್ದರು, ನೋಡಿಕೊಳ್ಳಲಿ. ಸಾವಂತ್ರೆವ್ವ ಇನ್ನೊಮ್ಮೆ ಬಾಗಿಲ ಕಡೆ ನೋಡಿದಳು.

"ಮಲಗೇತಿ" ಎಂದಳು ಅತ್ತೆ. "ಹೊಟ್ಟಿ ತುಂಬಿ ತಾನ ಮಲಗೇತಿ. ನೀ ಹೋಗಿ ಬಾ."