ನರೋಣಾದ ಗೌಂಡಿ ಕಟ್ಟಿದ ಕಿಲ್ಲಾ

ನರೋಣಾದಲ್ಲಿ ಗೌಂಡಿ ರಾಜೇಸಾಬ ಕಟ್ಟಿದ ಗೋಡೆಗೆ ಓಳಂಬದ ಗುಂಡು ಬಿಟ್ಟು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟು ನೆಟ್ಟಗಿನ ಕೈ ಅವನದು. ಅವನ ಸ್ವಂತ ಮನೆಯ ಮಾಳಿಗೆ ಮಾತ್ರ ಸೋರುತ್ತಿತ್ತು. "ಊರಿಗೆ ಉಪಕಾರಿ, ಮನಿಗೆ ಮಾರಿ" ಎಂದು ಹೆಂಡತಿ ಹಜರಾಬಿ ಅನ್ನದ ದಿನವಿಲ್ಲ.

ಮರಾಠಿ ಸೀಮೆ ಹತ್ತಿರ, ಹಾಗಾಗಿ ದೀಪಾವಳಿ ಬಂತೆಂದರೆ ಹುಡುಗರು ಅಂಗಳದಲ್ಲಿ ಮಣ್ಣಿನ ಕಿಲ್ಲಾ, ಅಂದರೆ ಪುಟ್ಟ ಕೋಟೆ, ಕಟ್ಟುವುದು ಆ ಕಡೆಯ ರೂಢಿ. ಮೀಸೆ ಬರುವ ಹೊತ್ತಿಗೆ ಎಲ್ಲರೂ ಅದನ್ನು ಬಿಡುತ್ತಾರೆ. ರಾಜೇಸಾಬ ಮೀಸೆ ನರೆತರೂ ಬಿಡಲಿಲ್ಲ. ಅವನಿಗೆ ತಕ್ಕ ಜೊತೆ ಶಾಲೆಯಲ್ಲಿ ಇತಿಹಾಸ ಕಲಿಸುವ ದೌಲತರಾಯ ಮಾಸ್ತರರು. ಎಪ್ಪತ್ನಾಲ್ಕನೇ ಇಸವಿಯಲ್ಲಿ ರಾಜೇಸಾಬ ಎರೆಮಣ್ಣಿನಲ್ಲಿ ಕಟ್ಟಿದ ಕೋಟೆ, ಆಟದ ಮುತ್ತಿಗೆಗೆ ಮುಂಚೆಯೇ ಒಣಗಿ ಬಾಯಿಬಿಟ್ಟಿತು. ಮರುವರ್ಷದಿಂದ ಮಾಳಿಗೆಗೆ ಹಾಕುವ ಬಿಳಿಮಣ್ಣಿಗೆ ಸೆಗಣಿ, ಹೊಟ್ಟು ಸೇರಿಸಿ ಇಬ್ಬರೂ ಕೂಡಿ ತುಳಿದರು. ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಚಕ್ಕೆಗಳಿಂದ ಬೆಟ್ಟ ಏಳುತ್ತಿತ್ತು, ಅದರ ಮೈಗೆ ಸಾಸಿವೆ ಬಿತ್ತಿದರೆ ಹಬ್ಬದ ಹೊತ್ತಿಗೆ ಕಾಡು. ಜೋಳದ ದಂಟಿನ ಬಾಗಿಲು, ಸುತ್ತ ನೀರಿನ ಕಂದಕ, ಹೆಬ್ಬೆರಳಷ್ಟು ಎತ್ತರದ ಸುಟ್ಟ ಮಣ್ಣಿನ ಸಿಪಾಯಿಗಳು.

ಕಟ್ಟಿದವನು ಕಾಯಬೇಕು, ಇನ್ನೊಬ್ಬ ಮುತ್ತಬೇಕು. ಆರು ಕವಡೆ ಎಸೆದರೆ ಎಷ್ಟು ಬಾಯಿ ಮೇಲಾಗಿ ಬೀಳುತ್ತವೋ ಸಿಪಾಯಿ ಅಷ್ಟು ಬೆರಳು ಮುಂದೆ. ಕಾಯುವವನ ಸಿಪಾಯಿಗೆ ಸಿಗದೆ ಒಬ್ಬನಾದರೂ ಕೋಟೆ ಹೊಕ್ಕರೆ ಮುತ್ತಿದವನಿಗೆ ಗೆಲುವು. ಹನ್ನೊಂದು ವರ್ಷ ಮಾಸ್ತರರು ಮುತ್ತಿದರು, ಹನ್ನೊಂದು ವರ್ಷವೂ ಸೋತರು. ಸೋತು ನಕ್ಕು ಚಹಾ ಕುಡಿದು ಹೋಗುತ್ತಿದ್ದರು.

ಎಂಬತ್ತಾರರ ದೀಪಾವಳಿಗೆ ಮುಂಚೆ ಅವರಿಗೆ ದೂರದ ಇಜೇರಿಗೆ ವರ್ಗವಾಯಿತು. ಹೋಗುವ ಮುಂಚೆ ಒಂದು ಸಲವಾದರೂ ಅವರು ಗೆಲ್ಲಲಿ ಎಂದು ರಾಜೇಸಾಬನಿಗೆ ಅನ್ನಿಸಿತು. ಕೋಟೆಯ ಹಿಂಗೋಡೆಯಲ್ಲಿ ಸಿಪಾಯಿ ನುಸುಳುವಷ್ಟು ತೂತು ಬಿಡುವುದೆಂದು ಗಟ್ಟಿ ಮಾಡಿದ. ಗಿಲಾವು ಹಚ್ಚುವ ಕೈ ಎರಡು ಸಲ ತಾನಾಗಿಯೇ ಅದನ್ನು ಮುಚ್ಚಿಬಿಟ್ಟಿತು. ಮೂರನೇ ಸಲ ಕಣ್ಣುಮುಚ್ಚಿ ಕಡ್ಡಿ ಚುಚ್ಚಿದ.

ಪಾಡ್ಯದ ಮಧ್ಯಾಹ್ನ ಮಾಸ್ತರರು ಕೋಟೆ ಸುತ್ತು ಹಾಕಿ ಹಿಂದೆ ಕುಕ್ಕರಗಾಲಲ್ಲಿ ಕೂತರು.

"ಇದೇನೋ ರಾಜೇಸಾಬ?"

"ಮೋರಿರಿ, ಮಾಸ್ತರ್ರ. ನೀರು ಹೋಗಬೇಕಲ್ರಿ."

"ಹನ್ನೊಂದು ವರ್ಷ ಎಲ್ಲಿಂದ ಹೋಗ್ತಿತ್ತು?"

ಮಾಸ್ತರರು ಬುಟ್ಟಿಯಲ್ಲಿದ್ದ ಹಸಿಮಣ್ಣು ಚಿವುಟಿ ತೂತಿಗೆ ತುಂಬಿ ಹೆಬ್ಬೆರಳಿನಿಂದ ಒತ್ತಿದರು.

"ನಾ ಹೊಂಟೇನಂತ ನಿನ್ನ ಕೆಲಸ ಕೆಡಸ್ತೀ ಏನು? ಕವಡಿ ತಾ ಇಲ್ಲಿ."

ಎಂದಿನಂತೆ ಎದುರು ಬಾಗಿಲಿಗೇ ಮುತ್ತಿದರು. ತಮ್ಮ ಹದಿನಾಲ್ಕೂ ಸಿಪಾಯಿಗಳನ್ನು ಕಳೆದುಕೊಂಡರು. ಆ ದಿನ ಚಹಾ ಮಾತ್ರ ಇಬ್ಬರ ಮುಂದೆಯೂ ಆರಿಹೋಯಿತು.

ಇಜೇರಿ ಅಂದರೆ ಜೇವರ್ಗಿ ದಾಟಿ ಆಚೆ. ದೀಪಾವಳಿ ಹತ್ತಿರ ಬಂದಾಗಲೆಲ್ಲ 'ಬರ್ತೇನಿ' ಎಂದು ಕಾರ್ಡು ಬರುತ್ತಿತ್ತು, ಮಾಸ್ತರರು ಬರಲಿಲ್ಲ. ರಾಜೇಸಾಬ ಮತ್ತೆ ಕಿಲ್ಲಾ ಕಟ್ಟಲಿಲ್ಲ.

ಎಷ್ಟೋ ವರ್ಷದ ಮೇಲೆ ಸುಣ್ಣ ಬಳಿಯುವಾಗ ಹಜರಾಬಿಗೆ ಗೋಡೆಯ ಗೂಡಿನಲ್ಲಿ ಅಂಗೈಯಗಲದ ಒಣಗಿದ ಮಣ್ಣುಗೋಡೆಯ ತುಂಡು ಸಿಕ್ಕಿತು. ನಡುವೆ, ತೂತು ಮುಚ್ಚಿದಲ್ಲಿ, ಒಂದು ಹೆಬ್ಬೆರಳ ಗುರುತು.

"ಈ ಮಣ್ಣಿನ ಹೆಂಟಿ ಒಗೀಲೇನ್ರಿ?"

ರಾಜೇಸಾಬ ಸುಣ್ಣದ ಕೈಯಲ್ಲೇ ಓಡಿಬಂದ.

"ಮುಟ್ಟಬ್ಯಾಡ ಬೇ! ಹನ್ನೆರಡು ವರ್ಷದಾಗ ಮಾಸ್ತರ್ರು ನನ್ನ ಸೋಲಿಸಿದ್ದು ಅದೊಂದೇ ಸಲ."