‘ಹೊರಡು’ ಅನ್ನುವ ಬಟನ್

ಮಗಳು ಐಪ್ಯಾಡಿನಲ್ಲಿ ಯುದ್ಧದ ಇತಿಹಾಸದ ಆಟ ಆಡುತ್ತಿದ್ದಳು. ಅದರ ಸೈರನ್ ಕೇಳಿದ್ದೇ ಡೆಟ್ರಾಯಿಟ್ ಪಕ್ಕದ ನಮ್ಮ ಹಳೆಯ ಮನೆ ನೆನಪಾಯಿತು.

ಆಗ ನಾನು ಚಿಕ್ಕವಳು. ರಿಸೆಷನ್‌ನ ಆರ್ಥಿಕ ಕುಸಿತದಲ್ಲಿ ಅಪ್ಪನ ಕೆಲಸ ಹೋಗಿತ್ತು. ಗರಾಜಿಗೂ ಅಡುಗೆಮನೆಗೂ ಸುಮ್ಮನೆ ಓಡಾಡುತ್ತಿದ್ದರು. ನನಗೆ ಶಾಲೆಯ ಹೋಂವರ್ಕ್ ಕಂಪ್ಯೂಟರಿನಲ್ಲಿ ಇಂಥದೇ ಆಟ: ಬಾಂಬ್ ಬೀಳಲಿರುವ ಊರಿನ ಕುಟುಂಬವೊಂದು ಉಳಿಯಬೇಕೋ ಹೊರಡಬೇಕೋ ನಾನು ಹೇಳಬೇಕು. ಮೂರು ಸಲವೂ ‘ಉಳಿ’ ಒತ್ತಿದೆ. ಮೂರು ಸಲವೂ ಮನೆ ಕುಸಿಯಿತು.

ಅಪ್ಪ ಹಿಂದೆ ಬಂದು ನಿಂತರು. “ಈ ಸಲ ‘ಹೊರಡು’ ಒತ್ತು ಪುಟ್ಟಿ.”

“ಐ ಡೋಂಟ್ ವಾಂಟ್ ಟು.”

“ನಂಗೂ ಇಷ್ಟ ಇಲ್ಲ ಕಣೇ. ಬೇರೆ ರಾಜ್ಯದಲ್ಲಿ, ಶಾಮ್‌ಬರ್ಗ್ ಅನ್ನೋ ಊರಲ್ಲಿ ಕೆಲಸ ಸಿಕ್ಕಿದೆ. ಅಮ್ಮಂಗಿನ್ನೂ ಹೇಳಿಲ್ಲ.”

ಅಳುತ್ತಲೇ ಒತ್ತಿದೆ. ಆ ಕುಟುಂಬ ಬದುಕಿಕೊಂಡಿತು. ಆ ತಿಂಗಳೇ ನಾವೂ ಹೊರಟೆವು.

“ಅಮ್ಮಾ, ಅವರು ಹೋದ್ಮೇಲೆ ವಾಟ್ ಹ್ಯಾಪನ್ಸ್ ಟು ದ ಹೌಸ್?” ಎಂದಳು ಮಗಳು ಐಪ್ಯಾಡಿನಿಂದ ತಲೆಯೆತ್ತಿ.

“ಗೊತ್ತಿಲ್ಲ ಮರಿ,” ಎಂದೆ. ಆ ಬೀದಿಗೆ ನಾನು ಮತ್ತೆಂದೂ ಹೋಗಿಲ್ಲ.