ಒಂದು ಹುಕುಂ, ಒಂದು ಒದ್ದೆ ಗೋಡೆ

ಚಿತ್ತಾಪುರದ ನೀರಿನ ಟಾಕಿ ಕಟ್ಟಿಸಲು ನನ್ನನ್ನು ಇನ್‌ಚಾರ್ಜ್ ಮಾಡಿದ ಮೇಲೆ ನನ್ನ ನಡಿಗೆಯೇ ಬದಲಾಯಿತೆಂದು ಹೆಂಡತಿ ಹೇಳುತ್ತಾಳೆ. ಅಲ್ಲಗಳೆಯಲಾರೆ. ಇನ್‌ಚಾರ್ಜ್ ಎಂದರೆ ಹುಕುಂ ಕೊಡುವವನು ಎಂದೇ ನಾನು ನಂಬಿದ್ದೆ. ಅಡಿಗೆಮನೆಯಲ್ಲೂ ಒಂದೆರಡು ಕೊಟ್ಟು ನೋಡಿದೆ. ಅಲ್ಲಿಯ ಇನ್‌ಚಾರ್ಜ್ ಬೇರೆಯವರಿದ್ದರು.

ವಾಡಿ ಸ್ಟೇಷನ್ನಿನಲ್ಲಿ ಗಾಡಿ ತಡವಾದಾಗಲೆಲ್ಲ ನಾವು ಮೂವರು ಇನ್‌ಚಾರ್ಜುಗಳು ಚಹ ಕುಡಿಯುತ್ತ ಇನ್‌ಚಾರ್ಜ್ ಎಂದರೆ ಯಾರು ಎಂಬ ಇದೇ ವಾದಕ್ಕಿಳಿಯುತ್ತಿದ್ದೆವು. ಶಹಾಬಾದಿನಲ್ಲಿ ಶಾಲೆ ಕಟ್ಟಿಸುತ್ತಿದ್ದ ಕುಲಕರ್ಣಿಯವರದು ಕಾವಲುಗಾರನ ಪಂಥ: “ಕಣ್ಣ ತಪ್ಪಿದ್ರ ಕೆಲಸ ಕೆಡ್ತದ.” ಸೇಡಂ ಕಡೆ ಕಾಗಿಣಾ ನದಿಗೆ ಸೇತುವೆ ಕಟ್ಟಿಸುತ್ತಿದ್ದ ಖಾಜಾ ಸಾಹೇಬರು ನಕ್ಕುಬಿಡುತ್ತಿದ್ದರು. “ಕೆಲಸ ಮಾಡೋರು ಮಾಡ್ತಾರ್ರಿ. ತಪ್ಪಾದ್ರ ಬೈಸಿಕೊಳ್ಳಾಕ ಒಬ್ಬ ಬೇಕಲ್ಲ, ಅವನೇ ಇನ್‌ಚಾರ್ಜ್.” ದ್ವೈತ, ಅದ್ವೈತ, ವಿಶಿಷ್ಟಾದ್ವೈತಗಳ ಆಚಾರ್ಯರಾದರೂ ಎಂದೋ ಒಂದು ದಿನ ರಾಜಿಯಾದಾರು, ನಾವು ಆಗಲಿಲ್ಲ.

ಟಾಕಿಗೆ ಮೊದಲ ಸಲ ನೀರು ತುಂಬಿಸಿದೆವು. ಸೋರಿದರೆ ಬೇಸಿಗೆಯಲ್ಲಿ ಊರಿಗೆ ನೀರಿಲ್ಲ, ನನಗೆ ಮುಖವಿಲ್ಲ. ಮರುದಿನ ಬೆಳಿಗ್ಗೆ ಧೈರ್ಯಕ್ಕೆಂದು ಖಾಜಾ ಸಾಹೇಬರನ್ನು ಕರೆದುಕೊಂಡು ಹೋದೆ. ಗೋಡೆಯ ಹೊರಮೈ ತೊಯ್ದು ತೊಪ್ಪೆಯಾಗಿತ್ತು. ಟಾಕಿ ಸೋರಿತೆಂದೇ ತಿಳಿದೆ. ಅಲ್ಲೇ ಮರಳಿನ ಗುಡ್ಡೆಯ ಮೇಲೆ ಕುಳಿತುಬಿಟ್ಟೆ.

ಅಷ್ಟರಲ್ಲಿ ಕೆಲಸದ ಭೀಮವ್ವ ಕೊಡ ಹೊತ್ತು ಬಂದು ಗೋಡೆಗೆ ಇನ್ನಷ್ಟು ನೀರು ಎರಚಿದಳು.

“ಯಾಕವ್ವಾ, ನೀರ್ ಹಾಕಾಕತ್ತಿ?” ಅಂದರು ಖಾಜಾ ಸಾಹೇಬರು.

“ಈ ಸಾಹೇಬ್ರೇ ಹೇಳ್ಯಾರ್ರಿ. ಸಿಮೆಂಟ್ ಗಟ್ಟಿ ಆಗ್ಬೇಕು, ನಾ ಸಾಕು ಅನ್ನೋತನಕ ದಿನಾ ಹಾಕು ಅಂತ. ಇನ್ನಾ ಸಾಕು ಅಂದಿಲ್ಲ.”

ನಿಜ, ಅಂದಿರಲಿಲ್ಲ. ಹುಕುಂ ಕೊಡುವ ಸಂಭ್ರಮದಲ್ಲಿ ಅದನ್ನು ಹಿಂದಕ್ಕೆ ಪಡೆಯುವುದೂ ನನ್ನದೇ ಕೆಲಸವೆಂದು ಹೊಳೆದಿರಲಿಲ್ಲ. ಭೀಮವ್ವನ ಕೊಡ ಇಳಿಸಿ, ಚಹಕ್ಕೆ ಹೇಳಿ, ಮೂವರೂ ಕಾಯುತ್ತ ಕೂತೆವು. ಬಿಸಿಲೇರಿದಂತೆ ಗೋಡೆ ಮೇಲಿನಿಂದ ಬೆಳ್ಳಗಾಗುತ್ತ ಬುಡದವರೆಗೂ ಒಣಗಿತು. ಒಂದು ಹನಿಯೂ ಹೊರಗೆ ಬರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಆ ಗಳಿಗೆಯಲ್ಲಿ ಕೇಳಿದ್ದರೆ ಕುಲಕರ್ಣಿಯವರ ಪಂಥಕ್ಕೂ ಸೇರಿಬಿಡುತ್ತಿದ್ದೆ.

“ಸಾಕವ್ವಾ,” ಅಂದೆ.

“ಹಂಗಾರ ಇನ್ನ ಏನ್ ಮಾಡ್ಲಿರಿ?”

ಹೊಸ ಹುಕುಮಿಗೆ ಬಾಯಿ ತೆರೆದೆ. ಖಾಜಾ ಸಾಹೇಬರು ಚಹದ ಕಪ್ಪನ್ನು ಆ ಬಾಯಿಗೇ ಹಿಡಿದರು. “ಮೊದ್ಲು ಇದನ್ನ ಕುಡೀರಿ.”

ಕುಡಿದು ಕಪ್ಪು ಇಳಿಸುವಷ್ಟರಲ್ಲಿ ಭೀಮವ್ವ ತಾನೇ ಎದ್ದು ಹೋಗಿ, ಕಂಪೌಂಡ್ ಗೋಡೆಗೆ ಮರಳು ಸಾಣಿಸುತ್ತಿದ್ದ ಹೆಂಗಸರ ಜೊತೆ ಜರಡಿ ಹಿಡಿದು ಕೂತಿದ್ದಳು.